ವೀರ್ಯಾಚಾರವೂ ತಕ್ಕಡಿಯೂ

ಪಂಚಾಚಾರಗಳಲ್ಲಿ ವೀರ್ಯಾಚಾರವೂ ಒಂದು. ತನ್ನಲ್ಲಿರುವ ಶಕ್ತಿಯನ್ನು ಮರೆಮಾಚದೆ ಸತ್ಕಾರ್ಯದಲ್ಲಿ ತೊಡಗಿಸುವುದೇ ಅದರ ಲಕ್ಷಣ. ಇದು ಮುನಿಗಳಿಗೆ ಹೇಳಿದ ಮಾತೆಂದು ಶ್ರಾವಕರು ಕೈಬಿಡುವುದುಂಟು. ಅಂಥವರು ಸುಗ್ಗಿಯ ತಿಂಗಳಲ್ಲಿ ಬ್ಯಾಡಗಿಗೆ ಬಂದು ನೋಡಬೇಕು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಸುಕ್ಕುಗಟ್ಟಿದ ನೀಳ ಕಡ್ಡಿ, ದಪ್ಪನೆಯ ಡಬ್ಬಿ ಎಂದು ಎರಡು ಬಗೆ. ಖಾರ ಅಲ್ಪ, ಬಣ್ಣ ಅಪಾರ. ಆದರೆ ಆ ಬಣ್ಣವು ತಾನಾಗಿ ಉಳಿಯುವುದಲ್ಲ. ಹಣ್ಣಾದ ಕಾಯನ್ನು ಹಲವು ಸಲ ಬಿಡಿಸಿ, ಕಣದಲ್ಲಿ ಹರವಿ, ಹಗಲೆಲ್ಲ ಕೈಯಾಡಿಸಿ, ಇಬ್ಬನಿ ತಾಗದಂತೆ ಸಂಜೆ ರಾಶಿಮಾಡಿ ಮುಚ್ಚಬೇಕು. ಆಲಸ್ಯ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಬಿಳಿಗಾಯಿ ಬೆರೆತರೆ ಧಾರಣೆ ಇಳಿಯುತ್ತದೆ.

ಮುಂದೆ ತುಂಬು ಬಿಡಿಸುವ ಹೆಣ್ಣುಮಕ್ಕಳ ಸರದಿ. ಘಾಟಿಗೆ ಮುಖಕ್ಕೆ ಸೆರಗು ಕಟ್ಟಿಕೊಂಡು, ಉರಿಯುವ ಬೆರಳುಗಳಿಂದ ತೊಟ್ಟು ಮುರಿಯುತ್ತಾರೆ. ಕೂಲಿ ತೂಕದ ಮೇಲೆ. ಕೈ ನಿಂತರೆ ಕೂಲಿಯೂ ನಿಂತಿತು.

ಇಂಥವರಿಗೆ ಪರಿಶ್ರಮದ ಮಹಿಮೆಯನ್ನು ಬೋಧಿಸಹೊರಡುವುದು ತುಸು ನಗೆಯ ವಿಷಯವೇ ಸರಿ. ಬೋಧನೆ ಬೇಕಾದದ್ದು ತಕ್ಕಡಿ ಹಿಡಿದವರಿಗೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಕೊಡುವಾಗ ಒಂದು, ಕೊಳ್ಳುವಾಗ ಇನ್ನೊಂದು ಅಳತೆಯನ್ನು, ಎಣಿಸಿದೆ. ಕಲಬೆರಕೆಯ ವ್ಯವಹಾರವೂ ಅದೇ ಸಾಲಿನಲ್ಲಿದೆ. ಅಷ್ಟಮಿ, ಚತುರ್ದಶಿಗಳಂದು ನಿರಾಹಾರನಾಗಿದ್ದು, ಮರುದಿನ ಆ ಹೆಣ್ಣುಮಗಳ ತೂಕದಲ್ಲಿ ಕಾಲು ಕಿಲೋ ಕಳೆಯುವವನ ಉಪವಾಸವನ್ನು ಯಾವ ಲೆಕ್ಕಕ್ಕೆ ಹಿಡಿಯೋಣ? ಪಾರಣೆಗೆ ಕೂಡುವ ಮುನ್ನ ಅವನು ಕೂಲಿಯ ಪುಸ್ತಕವನ್ನೊಮ್ಮೆ ತೆರೆದು ನೋಡಲಿ.