ಕಂಡಂತೆ ಬರೆಯುವ ಪಾಠ: ತೈಲವರ್ಣದಲ್ಲಿ ವಯನಾಡಿನ ನಿಸರ್ಗ

ಬೆಟ್ಟದ ಚಿತ್ರ ಬರೆಯಿರೆಂದರೆ ನಮ್ಮ ಮಕ್ಕಳು ಎರಡು ತ್ರಿಕೋಣಗಳನ್ನು ಎಳೆದು, ನಡುವೆ ಸೂರ್ಯನನ್ನು ಕೂರಿಸಿ, ಬೆಟ್ಟಕ್ಕೆ ಹಸುರನ್ನು ತುಂಬುವುದು ವಾಡಿಕೆ. ಅದು ಮನಸ್ಸು ಬಲ್ಲ ಬೆಟ್ಟವೇ ಹೊರತು ಕಣ್ಣು ಕಂಡ ಬೆಟ್ಟವಲ್ಲ. ಮೇಪ್ಪಾಡಿಯ ಚಹಾತೋಟದ ಅಂಚಿನಲ್ಲಿ ನಿಂತು ನೋಡಿದರೆ, ಸುಮಾರು 2,100 ಮೀಟರ್ ಎತ್ತರದ ಚೆಂಬ್ರ ಶಿಖರವು ಮಂಜು ಕವಿದ ಮುಂಜಾನೆ ನಸುನೇರಳೆಯಾಗಿಯೂ ಬಿಸಿಲೇರಿದಾಗ ಹಸುರಾಗಿಯೂ ತೋರುತ್ತದೆ. ಹೀಗೆ ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಹಿಡಿಯುವ ಚಿತ್ರಶೈಲಿಯೇ ಇಂಪ್ರೆಷನಿಸಂ.

1874ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದ ಕ್ಲೋಡ್ ಮೋನೆಯವರ ಸೂರ್ಯೋದಯದ ಚಿತ್ರವೊಂದರ ಹೆಸರನ್ನೇ ಹಿಡಿದು ವಿಮರ್ಶಕರೊಬ್ಬರು ಮಾಡಿದ ಅಪಹಾಸ್ಯದಿಂದ ಈ ಪಂಥಕ್ಕೆ ಹೆಸರು ಬಂದಿತು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದರು ರೂಪಿಸಿದ ಲೋಹದ ಬಣ್ಣದ ಟ್ಯೂಬು, ತೈಲವರ್ಣವನ್ನು ಬಯಲಿಗೆ ಒಯ್ಯುವುದನ್ನು ಸುಲಭಗೊಳಿಸಿತ್ತು. 1890-91ರಲ್ಲಿ ಮೋನೆ ಹೊಲದ ಬಣವೆಗಳನ್ನೇ ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಸುಮಾರು 25 ಬಾರಿ ಬರೆದರು. ನಮ್ಮ ಕನ್ನಡನಾಡಿನಲ್ಲಿ, ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚೆನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಮರಗಳ ಮುಂದೆಯೇ ಕುಳಿತು ಅವುಗಳ ವೈಭವವನ್ನು ಚಿತ್ರಿಸಿದರು.

ಇನ್ನು ಅಭ್ಯಾಸಕ್ರಮ. ಹನ್ನೆರಡು ಅಂಗುಲಕ್ಕೆ ಹದಿನಾರು ಅಂಗುಲದ ಕ್ಯಾನ್ವಾಸು ಆರಂಭಕ್ಕೆ ಸಾಕು. ಬಿಳಿ, ಎರಡು ಹಳದಿ, ಎರಡು ಕೆಂಪು, ಎರಡು ನೀಲಿ ಇದ್ದರೆ ಕಪ್ಪು ಬಣ್ಣ ಬೇಡ. ಮೊದಲು ಕಣ್ಣನ್ನು ಅರೆಮುಚ್ಚಿ ನೋಡಬೇಕು. ಎಲೆ, ಕಲ್ಲು, ಬೇಲಿಗಳೆಲ್ಲ ಅಳಿಸಿ ಬೆಳಕು ನೆರಳುಗಳ ನಾಲ್ಕೈದು ದೊಡ್ಡ ಆಕಾರಗಳು ಮಾತ್ರ ಉಳಿಯುತ್ತವೆ. ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಬಣ್ಣದಿಂದ ಅವನ್ನು ಮೊದಲು ಗುರುತಿಸಬೇಕು. ಅಗಸೆ ಎಣ್ಣೆ ಹೆಚ್ಚಿರುವ ದಪ್ಪ ಬಣ್ಣ ಮೇಲಿನ ಪದರಕ್ಕೆ. ಕ್ರಮ ತಪ್ಪಿದರೆ ಚಿತ್ರ ಮುಂದೆ ಬಿರುಕು ಬಿಡುತ್ತದೆ.

ದೂರದ ಬೆಟ್ಟಕ್ಕೆ ನೀಲಿಯೂ ಬಿಳಿಯೂ ಹೆಚ್ಚಿರಲಿ. ಹತ್ತಿರದ ಕಾಫಿಗಿಡಗಳಿಗೆ ಹಳದಿಯ ಕಾವು ಸೇರಲಿ. ಬಿಸಿಲಿನ ನೆರಳನ್ನು ಕಪ್ಪೆಂದು ಬಗೆಯದೆ ಅದರಲ್ಲಿರುವ ನೀಲಿ, ನೇರಳೆಗಳನ್ನು ಹುಡುಕಿರಿ. ಬಣ್ಣಗಳನ್ನು ಉಜ್ಜಿ ಒಂದಾಗಿಸದೆ ಕುಂಚದ ಚಿಕ್ಕ ಚಿಕ್ಕ ಗೆರೆಗಳನ್ನು ಪಕ್ಕಪಕ್ಕದಲ್ಲಿ ಇರಿಸಿದರೆ, ದೂರದಿಂದ ನೋಡುವವರ ಕಣ್ಣೇ ಅವನ್ನು ಬೆರೆಸಿಕೊಳ್ಳುತ್ತದೆ. ಎರಡು ಗಂಟೆಯೊಳಗೆ ಕೆಲಸ ನಿಲ್ಲಿಸಿರಿ. ಬಳಿಕ ಬೆಳಕೇ ಬೇರೆಯಾಗಿರುತ್ತದೆ. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಅದು ತಾನೇ ಕಾವೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರವಿ ಒಣಗಿಸಬೇಕು.

ಬೆಳಕು ಮಾತ್ರ ಚಂಚಲ, ನೆಲ ಸ್ಥಿರವೆಂದು ನಾವು ನಂಬಿದ್ದೆವು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳನ್ನು ಕೊಚ್ಚಿದ ಭೂಕುಸಿತವು ಆ ನಂಬಿಕೆಯನ್ನೂ ಕಿತ್ತುಕೊಂಡಿತು. ನೂರಾರು ಜೀವಗಳೊಡನೆ ಮನೆ, ತೋಟ, ಹಾದಿಗಳೂ ಅಳಿದವು. ಅಲ್ಲಿ ಬಾಳಿದವರಿಗೆ ತಮ್ಮೂರಿನ ರೂಪ ಇಂದು ನೆನಪಿನಲ್ಲಿಯೂ ಹಳೆಯ ಚಿತ್ರಗಳಲ್ಲಿಯೂ ಮಾತ್ರ ಉಳಿದಿದೆ. ಆದುದರಿಂದ ಕಣ್ಣೆದುರಿಗಿರುವುದನ್ನು ಗಮನವಿಟ್ಟು ನೋಡುವುದು ಕೇವಲ ವಿರಾಮದ ಹವ್ಯಾಸವಲ್ಲ. ನೆಲದ ಋಣವನ್ನು ತೀರಿಸುವ ಒಂದು ಬಗೆ.

ಸುವರ್ಣ ಮಹೋತ್ಸವದ ಈ ಶುಭವರ್ಷದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಒಂದು ನೋಟವನ್ನಾದರೂ ಬರೆಯಲಿ. ಹಿಂಬದಿಯಲ್ಲಿ ಸ್ಥಳ, ದಿನಾಂಕ, ಹೊತ್ತುಗಳನ್ನು ಕನ್ನಡದಲ್ಲಿ ನಮೂದಿಸಲಿ. ಕೈ ಪಳಗದಿದ್ದರೂ ಚಿಂತೆಯಿಲ್ಲ. ಮುಂದಿನ ಪೀಳಿಗೆಗೆ ಅದೊಂದು ಸಾಕ್ಷಿಯಾದೀತು.