ನೆಟ್‌ವರ್ಕಿಂಗ್ ಪಾಠ, ಗಲ್ಫ್ ಕೆಲಸ: ವಿದ್ಯಾರ್ಥಿಗಳಿಗೆ ಕೆಲವು ಮಾತು



ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಪಡೆದು ಕಂಪ್ಯೂಟರ್ ಕಲಿಯುತ್ತಿರುವ ಹಲವರಿಗೆ ದುಬೈ, ದಮ್ಮಾಮ್‌ಗಳಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಆಸೆಯಿದೆ. ಮೊದಲು ಪಾಠ ಗಟ್ಟಿಯಾಗಲಿ.

ಕಚೇರಿಯೊಳಗಿನ ಕಂಪ್ಯೂಟರ್‌ಗಳನ್ನು ಜೋಡಿಸುವುದು ಸ್ವಿಚ್. ಆ ಜಾಲವನ್ನು ಹೊರಗಿನ ಜಾಲಕ್ಕೆ ಸೇರಿಸುವುದು ರೌಟರ್. ಜಾಲದ ಪ್ರತಿ ಯಂತ್ರಕ್ಕೂ ಐಪಿ ವಿಳಾಸ ಬೇಕು. ಐಪಿವಿ4 ವಿಳಾಸದಲ್ಲಿ 4 ಸಂಖ್ಯೆಗಳು. ಪ್ರತಿಯೊಂದೂ 0ರಿಂದ 255ರೊಳಗೆ. 192.168ರಿಂದ ಆರಂಭವಾಗುವ ವಿಳಾಸ ಮನೆ, ಕಚೇರಿಗಳ ಒಳಗಷ್ಟೇ ನಡೆಯುತ್ತದೆ. ಇಂಟರ್ನೆಟ್ಟಿಗೆ ಹೋಗುವಾಗ ರೌಟರ್ ಅದರ ಬದಲಿಗೆ ಸಾರ್ವಜನಿಕ ವಿಳಾಸ ಹಾಕುತ್ತದೆ. ಪ್ರತಿ ಪ್ಯಾಕೆಟ್‌ನಲ್ಲೂ ಎರಡು ವಿಳಾಸಗಳಿರುತ್ತವೆ: ಎಲ್ಲಿಂದ, ಎಲ್ಲಿಗೆ.

ಗುತ್ತಿಗೆ ಕೆಲಸಕ್ಕೆ ಹೊರಡುವವರೂ ಎರಡು ಹೆಸರು ತಿಳಿದಿರಬೇಕು: ವೀಸಾ ಕೊಡುವ ಕಂಪನಿ ಯಾವುದು, ದುಡಿಯಬೇಕಾದ ಕಂಪನಿ ಯಾವುದು. ಇವೆರಡೂ ಬೇರೆ ಬೇರೆ ಇರುವುದುಂಟು. ಸಂಬಳ, ರಜೆ, ವಾಪಸ್ ಟಿಕೆಟ್‌ಗೆ ಹೊಣೆ ಯಾರೆಂಬುದು ಒಪ್ಪಂದಪತ್ರದಲ್ಲೇ ಬರೆದಿರಲಿ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವುದು ಕಾನೂನುಬಾಹಿರ. ಏಜೆಂಟರ ನೋಂದಣಿಯನ್ನು ಭಾರತ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ಅವರ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರುವಂತಿಲ್ಲ. ಕೊಟ್ಟ ಹಣಕ್ಕೆ ರಶೀದಿ ಪಡೆಯಿರಿ. ಲಕ್ಷಗಟ್ಟಲೆ ಕೇಳುವವರಿಗಾಗಿ ತಾಯಿಯ ಒಡವೆ ಅಡವಿಡಬೇಡಿ.

ಒಪ್ಪಂದಪತ್ರ ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ಟ್ರಸ್ಟಿನ ಕಚೇರಿಗೆ ತನ್ನಿ. ಜೊತೆಗೆ ಕುಳಿತು ಓದೋಣ. ನಿಮ್ಮ ಹಲಾಲ್ ದುಡಿಮೆಗೆ ಅಲ್ಲಾಹನು ಬರ್ಕತ್ ನೀಡಲಿ. ಆಮೀನ್.