ಗಿರಣಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು?

ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಕಿತ್ತು ಕಣಕ್ಕೆ ಬಂದಾಗ, ನಾಲ್ಕು ಕಾಸು ಕೈಯಲ್ಲಿ ಓಡಾಡುವ ಮನೆಗಳಲ್ಲಿ ಒಂದು ಮಾತು ಏಳುವುದುಂಟು: “ಕಾಯನ್ನು ಹಾಗೆಯೇ ಮಾರುವ ಬದಲು ನಾವೇ ಒಂದು ಮಿಲ್ಲು ಹಾಕಿದರೆ ಹೇಗೆ?” ಆಸೆ ಒಳ್ಳೆಯದೇ. ಆದರೆ ಜಮೀನು ಅಡವಿಟ್ಟು ಸಾಲ ತೆಗೆಯುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಮಿಲ್ಲು ಎಲ್ಲಿ? ಎಷ್ಟು ದೊಡ್ಡದು? ವಾಣಿಜ್ಯಶಾಸ್ತ್ರದಲ್ಲಿ ಮೊದಲನೆಯದನ್ನು ಸ್ಥಳ ನಿರ್ಧಾರವೆಂದೂ ಎರಡನೆಯದನ್ನು ಉತ್ಪಾದನಾ ಸಾಮರ್ಥ್ಯದ ಯೋಜನೆಯೆಂದೂ ಕರೆಯುತ್ತಾರೆ. ಹೆಸರು ದೊಡ್ಡದಾದರೂ ವಿಷಯ ನಮ್ಮ ಸಂತೆಬೀದಿಯದೇ.

ಮೊದಲು ಸ್ಥಳದ ವಿಚಾರ. ಜರ್ಮನಿಯ ಆಲ್ಫ್ರೆಡ್ ವೇಬರ್ ಎಂಬ ವಿದ್ವಾಂಸರು 1909ರಲ್ಲಿ ಕೈಗಾರಿಕೆಗಳ ನೆಲೆಯ ಬಗ್ಗೆ ಒಂದು ಗ್ರಂಥ ಬರೆದರು. ಅದರ ಒಂದು ಮುಖ್ಯ ತತ್ತ್ವವನ್ನು ಹೀಗೆ ಹೇಳಬಹುದು: ತಯಾರಾಗುವಾಗ ತೂಕ ಕಳೆದುಕೊಳ್ಳುವ ಪದಾರ್ಥವಾದರೆ ಕಾರ್ಖಾನೆ ಆ ಪದಾರ್ಥ ಸಿಗುವ ಕಡೆಗೆ ಸರಿಯುತ್ತದೆ, ತಯಾರಾದ ಮೇಲೆ ತೂಕ ಹೆಚ್ಚುವಂಥದಾದರೆ ಗಿರಾಕಿಯ ಕಡೆಗೆ ಸರಿಯುತ್ತದೆ. ಬಾಡಿಗೆ ಕೊಡುವುದು ತೂಕಕ್ಕೆ ತಾನೆ!

ನೂರು ಕಿಲೋ ಒಣಗಿದ ಕಡಲೆಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ, 30 ಕಿಲೋ ಸಿಪ್ಪೆ. ಸಿಪ್ಪೆ ತೂಕಕ್ಕಿಂತ ಜಾಗವನ್ನೇ ಹೆಚ್ಚು ತಿನ್ನುತ್ತದೆ. ಲಾರಿ ತುಂಬಿದಂತೆ ಕಂಡರೂ ಹೊರೆ ಕಡಿಮೆ. ದೂರದ ನಗರಕ್ಕೆ ಕಾಯನ್ನೇ ಸಾಗಿಸುವವನು ಸಿಪ್ಪೆಗೂ ಬಾಡಿಗೆ ತೆತ್ತಂತೆ. ಸುಲಿಯುವ ಯಂತ್ರಗಳು ಬೆಳೆಯುವ ಸೀಮೆಯಲ್ಲೇ ಕೂತಿರುವುದಕ್ಕೆ ಇದೇ ಕಾರಣ.

ಬೆಲ್ಲದ್ದು ಇನ್ನೂ ಸ್ಪಷ್ಟ. ಹತ್ತು ಕಿಲೋ ಕಬ್ಬಿಗೆ ಬರುವ ಬೆಲ್ಲ ಹೆಚ್ಚುಕಡಿಮೆ ಒಂದು ಕಿಲೋ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಸಿಹಿಯೂ ಇಳಿಯುತ್ತದೆ. ಆದ್ದರಿಂದ ಆಲೆಮನೆ ಗದ್ದೆಯ ಬದಿಯಲ್ಲಿ, ಬೆಲ್ಲದ ವ್ಯಾಪಾರ ಹಿಂದೂಪುರದ ಪೇಟೆಯಲ್ಲಿ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಕಬ್ಬಿನ ಸೀಮೆಯ ನಡುವೆಯೇ ಹುಟ್ಟಿದ್ದೂ ಹೀಗೆಯೇ. ಸೋಡಾ ಕಾರ್ಖಾನೆ ಮಾತ್ರ ಇದಕ್ಕೆ ತದ್ವಿರುದ್ಧ. ಬಾಟಲಿಯ ತೂಕದಲ್ಲಿ ಬಹುಪಾಲು ನೀರು. ನೀರು ಎಲ್ಲ ಊರಲ್ಲೂ ಇರುವಾಗ ಅದನ್ನು ಐವತ್ತು ಮೈಲಿ ಹೊರುವವರು ಯಾರು?

ರೇಷ್ಮೆಯ ವಿಷಯ ಸ್ವಲ್ಪ ಸೂಕ್ಷ್ಮ. ಒಂದು ಕಿಲೋ ನೂಲಿಗೆ ಸುಮಾರು ಆರರಿಂದ ಎಂಟು ಕಿಲೋ ಹಸಿ ಗೂಡು ಬೇಕು. ಮೇಲಾಗಿ ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ಎಳೆ ಹಾಳಾಗುತ್ತದೆ. ವೇಬರರ ಮಾತಿನಂತೆ ನೂಲು ತೆಗೆಯುವ ಕೆಲಸ ಹುಳು ಸಾಕುವ ಮನೆಯಲ್ಲೇ ಆಗಬೇಕಿತ್ತು. ಆಗುವುದಿಲ್ಲ, ಏಕೆಂದರೆ ಒಬ್ಬ ರೈತನ ಗೂಡು ವರ್ಷಕ್ಕೆ ಕೆಲವೇ ಬಾರಿ ಬರುತ್ತದೆ; ನೂಲು ತೆಗೆಯುವವನಿಗೆ ದಿನವೂ ಗೂಡು ಬೇಕು. ಹಲವು ರೈತರ ಗೂಡು ಒಂದೆಡೆ ಸೇರುವ ಹಿಂದೂಪುರದ ಗೂಡಿನ ಮಾರುಕಟ್ಟೆ ಈ ತೊಡಕನ್ನು ಬಿಡಿಸುತ್ತದೆ. ಸೀರೆ ನೇಯುವ ಧರ್ಮಾವರವೂ ದೂರವಿಲ್ಲ.

ಕಾರಿನ ಕಾರ್ಖಾನೆ ಬರಗಾಲದ ಸೀಮೆಗೆ ಏಕೆ ಬಂತು? 2017ರ ಏಪ್ರಿಲ್‌ನಲ್ಲಿ ಕಿಯಾ ಕಂಪನಿ ಆಂಧ್ರ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ಪೆನುಕೊಂಡದ ಹತ್ತಿರದ ಎರ್ರಮಂಚಿಯಲ್ಲಿ ಕಾರ್ಖಾನೆ ಕಟ್ಟಿತು. 2019ರ ಆಗಸ್ಟ್‌ನಲ್ಲಿ ಮೊದಲ ಸೆಲ್ಟೋಸ್ ಕಾರು ಹೊರಬಂತು. ಕಾರಿಗೆ ಬೇಕಾದ ಯಾವ ಅದಿರೂ ಅಲ್ಲಿ ಇಲ್ಲ. ಇದ್ದದ್ದು ಒಂದೇ ಕಡೆ ಸಿಗುವ ವಿಶಾಲವಾದ ಜಮೀನು, 44ನೇ ರಾಷ್ಟ್ರೀಯ ಹೆದ್ದಾರಿ, ಬೆಂಗಳೂರಿನ ಸಾಮೀಪ್ಯ, ಸರ್ಕಾರದ ರಿಯಾಯಿತಿ. ಇಲ್ಲದಿದ್ದ ನೀರನ್ನು ಗೊಲ್ಲಪಲ್ಲಿ ಜಲಾಶಯದಿಂದ ಒದಗಿಸಲಾಯಿತು. ಸ್ಥಳದ ಗುಣಗಳಲ್ಲಿ ಕೆಲವು ಹುಟ್ಟಿನಿಂದ ಬಂದವು, ಕೆಲವು ಮನುಷ್ಯರು ತಂದುಕೊಡುವಂಥವು. ಹಿಂದುಳಿದ ಸೀಮೆಯವರು ಈ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಬೇಕೆಂದು ನನಗನ್ನಿಸುತ್ತದೆ.

ಆ ಕಾರ್ಖಾನೆಯನ್ನು ವರ್ಷಕ್ಕೆ 3 ಲಕ್ಷ ಕಾರುಗಳ ಸಾಮರ್ಥ್ಯಕ್ಕೆಂದು ಯೋಜಿಸಿದರು. ವರ್ಷಕ್ಕೆ 300 ದಿನ, ದಿನಕ್ಕೆ 20 ಗಂಟೆ ಕೆಲಸವೆಂದು ಇಟ್ಟುಕೊಂಡು ಭಾಗಿಸಿ ನೋಡಿ: ದಿನಕ್ಕೆ 1,000 ಕಾರು, ಅಂದರೆ 72 ಸೆಕೆಂಡಿಗೆ ಒಂದು! ಸಾಲಿನಲ್ಲಿ ಯಾವುದಾದರೂ ಒಂದು ಕೆಲಸಕ್ಕೆ 90 ಸೆಕೆಂಡು ಹಿಡಿದರೆ ಉಳಿದವರೆಲ್ಲ ಎಷ್ಟು ಚುರುಕಾಗಿದ್ದರೂ 90 ಸೆಕೆಂಡಿಗೊಂದೇ ಕಾರು. ಎಣ್ಣೆಮಿಲ್ಲಿನಲ್ಲೂ ಹಾಗೆಯೇ. ಸುಲಿಯುವ ಯಂತ್ರದಿಂದ ಗಂಟೆಗೆ ಹತ್ತು ಕ್ವಿಂಟಾಲ್ ಬೀಜ ಬಂದು, ಗಾಣ ನಾಲ್ಕನ್ನೇ ಅರೆದರೆ ಎಣ್ಣೆ ಬರುವುದು ನಾಲ್ಕರ ಲೆಕ್ಕಕ್ಕೆ ಮಾತ್ರ.

ಈಗ ಎರಡನೆಯ ಪ್ರಶ್ನೆ. ಮನೆಯ ಹಣ ಮುಳುಗುವುದೂ ತೇಲುವುದೂ ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ತಂದೆತಾಯಂದಿರೂ ದಯವಿಟ್ಟು ಪೆನ್ಸಿಲ್ ಹಿಡಿಯಿರಿ. ಅನಂತಪುರದ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್ ಮಾತ್ರ. ಅದೂ ಹೇಳಿದ ಹೊತ್ತಿಗೆ ಬಾರದು. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಳ್ಳೆಯ ವರ್ಷ ಸುಲಿಯಲು 900 ಟನ್ ಕಾಯಿ ಬರುತ್ತದೆ, ಬರದ ವರ್ಷ 300 ಟನ್. ಕೂಲಿ, ಕರೆಂಟು ಕಳೆದು ಟನ್ನಿಗೆ ಉಳಿಯುವುದು 1,000 ರೂಪಾಯಿ. ದೊಡ್ಡ ಯಂತ್ರ 1,000 ಟನ್ ಸುಲಿಯಬಲ್ಲದು. ಬಡ್ಡಿ, ಬಾಡಿಗೆ, ಸವಕಳಿ ಸೇರಿ ಅದರ ವಾರ್ಷಿಕ ಸ್ಥಿರ ಖರ್ಚು 6 ಲಕ್ಷ. ಚಿಕ್ಕ ಯಂತ್ರ ಸುಲಿಯುವುದು 400 ಟನ್. ಸ್ಥಿರ ಖರ್ಚು ಎರಡೂವರೆ ಲಕ್ಷ. ಸ್ಥಿರ ಖರ್ಚಿನ ಗುಣವೇನೆಂದರೆ ಯಂತ್ರ ನಿಂತರೂ ಅದು ನಿಲ್ಲದು.

ಒಳ್ಳೆಯ ವರ್ಷ ದೊಡ್ಡದಕ್ಕೆ 9 ಲಕ್ಷ ಬಂದು 3 ಲಕ್ಷ ಲಾಭ. ಚಿಕ್ಕದಕ್ಕೆ 4 ಲಕ್ಷ ಬಂದು ಒಂದೂವರೆ ಲಕ್ಷ ಲಾಭ. ಐನೂರು ಟನ್ ಬೇರೆಯವರ ಮಿಲ್ಲಿಗೆ ಹೋಗುವುದನ್ನು ನೋಡುತ್ತಾ ನಿಲ್ಲಬೇಕು. ಬರದ ವರ್ಷ ದೊಡ್ಡದಕ್ಕೆ 3 ಲಕ್ಷ ನಷ್ಟ, ಚಿಕ್ಕದಕ್ಕೆ 50 ಸಾವಿರ ಲಾಭ. ಐದು ವರ್ಷದಲ್ಲಿ ನಾಲ್ಕು ಒಳ್ಳೆಯವಾದರೆ ದೊಡ್ಡದು 9 ಲಕ್ಷ ಗಳಿಸುತ್ತದೆ, ಚಿಕ್ಕದು ಆರೂವರೆ. ಮೂರೇ ಒಳ್ಳೆಯವಾದರೆ ದೊಡ್ಡದಕ್ಕೆ 3 ಲಕ್ಷ, ಚಿಕ್ಕದಕ್ಕೆ ಐದೂವರೆ. ಒಂದೇ ಒಂದು ಮಳೆಗಾಲ ಲೆಕ್ಕವನ್ನು ತಲೆಕೆಳಗು ಮಾಡಿತು! ಇನ್ನೊಂದು ಮಾತು: ಮೊದಲೆರಡು ವರ್ಷವೇ ಬರವಾದರೆ ದೊಡ್ಡ ಯಂತ್ರದವನ ಸಾಲ 6 ಲಕ್ಷದಷ್ಟು ಬೆಳೆದಿರುತ್ತದೆ. ಮುಂದಿನ ಒಳ್ಳೆಯ ವರ್ಷದವರೆಗೆ ಅವನು ತಾಳಿಕೊಳ್ಳುತ್ತಾನೆಯೇ ಎಂಬುದನ್ನು ಸರಾಸರಿ ಹೇಳುವುದಿಲ್ಲ.

ಗೋದಾಮು ಕಟ್ಟಿ, ಸುಗ್ಗಿಯ ಕಾಯನ್ನು ಕೂಡಿಟ್ಟು ನಿಧಾನವಾಗಿ ಸುಲಿದರೆ ಚಿಕ್ಕ ಯಂತ್ರವೇ ಸಾಕೆನ್ನುವವರಿದ್ದಾರೆ. ಆಗ ಕೊಂಡ ಕಾಯಿಗೆ ಹಾಕಿದ ಹಣದ ಬಡ್ಡಿ, ಇಲಿ, ತೇವಕ್ಕೆ ಹತ್ತುವ ವಿಷಬೂಷ್ಟು, ಇವನ್ನೂ ಖರ್ಚಿನ ಕಡೆ ಬರೆಯಬೇಕು.

ಇನ್ನೂ ಒಂದು ದಾರಿ ಉಂಟು: ಮೊದಲು ಒಂದು ಚಿಕ್ಕ ಯಂತ್ರ, ಪಕ್ಕದಲ್ಲಿ ಇನ್ನೊಂದಕ್ಕೆ ಖಾಲಿ ಜಾಗ. ಎರಡೂ ಸೇರಿದಾಗ ಸಾಮರ್ಥ್ಯ 800 ಟನ್, ಸ್ಥಿರ ಖರ್ಚು 5 ಲಕ್ಷ. ನಾಲ್ಕು ಒಳ್ಳೆಯ ವರ್ಷಕ್ಕೂ ಮೂರು ಒಳ್ಳೆಯ ವರ್ಷಕ್ಕೂ ಇದರ ಲಾಭನಷ್ಟವನ್ನು ಒಂಬತ್ತನೆಯ ತರಗತಿಯವರು ಬಿಡಿಸಿ, ಮೇಲಿನ ಎರಡರ ಪಕ್ಕದಲ್ಲಿ ಬರೆದು ಮನೆಯವರಿಗೆ ತೋರಿಸಿರಿ.